ಹದಿನಾಲ್ಕು ತಿಂಗಳು, ಮೂರು ಟ್ಯೂಬ್, ಸ್ವಲ್ಪ ಕಾಗೆ ಬಂಗಾರ

ಮೂರನೇ ಟ್ಯೂಬ್ ಮೇಲೆ ನನಗೆ ಸಿಟ್ಟಿದೆ. ಆ ಸಿಟ್ಟಿಗೇ ಇದನ್ನು ಬರೆಯಲು ಕೂತಿದ್ದು. ಎರಡನೇ ಟ್ಯೂಬ್ ಹೊತ್ತಿಗೇ ಬರೆದಿದ್ದರೆ ಬರೀ ಹೊಗಳಿಕೆ ಆಗುತ್ತಿತ್ತು. ಐದಕ್ಕೆ ಐದು ಸ್ಟಾರ್ ಕೊಟ್ಟು ಎದ್ದು ಹೋಗುತ್ತಿದ್ದೆ.

ನಾನು ಹೇಳುತ್ತಿರುವುದು ಒಂದು ಸ್ಕಿನ್ ಟಿಂಟ್ ಬಗ್ಗೆ, ಅಂದರೆ ಮುಖಕ್ಕೆ ಹಚ್ಚುವ, ಚರ್ಮದ ಬಣ್ಣದ್ದೇ ಮೇಕಪ್. ಫೌಂಡೇಶನ್‌ಗಿಂತ ತೆಳು, ಮುಚ್ಚುವುದು ಕಡಿಮೆ. 30 ಎಂಎಲ್‌ಗೆ ಆರುನೂರು ಚಿಲ್ಲರೆ. ಬ್ರ್ಯಾಂಡ್ ಹೆಸರು ಹಾಕುವುದಿಲ್ಲ. ಹಾಕಿದರೆ ನೀವೂ ಅದೇ ಶೇಡ್ ತರಿಸಿಕೊಂಡು ನಾಳೆ ನನ್ನನ್ನೇ ಬೈಯುತ್ತೀರಿ. ನಿಮ್ಮ ಮುಖ ಬೇರೆ, ನನ್ನ ಮುಖ ಬೇರೆ. ನನ್ನದು ಗೋಧಿ ಬಣ್ಣಕ್ಕಿಂತ ಸ್ವಲ್ಪ ಗಾಢ, ಒಳಗೆ ಹಳದಿ ಛಾಯೆ. ಮೂಗು, ಹಣೆ ಎಣ್ಣೆ ಎಣ್ಣೆ, ಕೆನ್ನೆ ಒಣ. ಎರಡೂ ಕೆನ್ನೆ ಮೇಲೆ ಬಂಗು. ವಯಸ್ಸು 38. ತವರು ದಾವಣಗೆರೆ, ಇರುವುದು ಮಂಗಳೂರು. ಕುಲಶೇಖರದಿಂದ ಹಂಪನಕಟ್ಟೆಗೆ ದಿನಾ ಸ್ಕೂಟರ್. ಅಲ್ಲಿ ಇಡೀ ದಿನ ಕೌಂಟರಿನಲ್ಲಿ ಕೂರುವ ಕೆಲಸ, ತಲೆ ಮೇಲೆ ಟ್ಯೂಬ್‌ಲೈಟ್. ಈ ಟ್ಯೂಬ್‌ಲೈಟ್ ಮುಂದೆ ಮತ್ತೆ ಬರುತ್ತದೆ.

ಇದಕ್ಕೂ ಮೊದಲು ನನ್ನ ಹತ್ತಿರ ಇದ್ದದ್ದು 1,450 ರೂಪಾಯಿಯ ಒಂದು ಫೌಂಡೇಶನ್. ತಮ್ಮನ ಮದುವೆಗೆ ತಗೊಂಡಿದ್ದು. ಕೌಂಟರಿನಲ್ಲಿದ್ದ ಹುಡುಗಿ ನನ್ನ ಕೈ ಹಿಡಿದು, ಮಣಿಕಟ್ಟಿನ ಒಳಭಾಗಕ್ಕೆ ಒಂದು ಗೀಟು ಎಳೆದು, "ಮದುವೆ ಅಂತೀರಲ್ಲ ಮೇಡಂ, ಒಂದು ಶೇಡ್ ಲೈಟ್ ಇರಲಿ, ಫೋಟೋದಲ್ಲಿ ಗ್ಲೋ ಬರುತ್ತೆ" ಅಂದಳು. ನಾನೂ ತಲೆಯಾಡಿಸಿದೆ. ಆಲ್ಬಮ್ ಬಂದ ದಿನ ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ನೋಡಿ ಕೇಳಿದ್ದು ಒಂದೇ ಮಾತು: "ಯಾಕವ್ವಾ, ಅವತ್ತು ಹುಷಾರಿರ್ಲಿಲ್ವಾ ನಿಂಗೆ?" ಮುಖ ಬೂದಿ ಬಳಿದ ಹಾಗಿತ್ತು. ಕುತ್ತಿಗೆ ಮಾತ್ರ ನನ್ನದೇ ಬಣ್ಣದಲ್ಲಿ ತಣ್ಣಗೆ ಕೂತಿತ್ತು.

ಇದು ಯಾಕಾಗುತ್ತೆ ಅಂತ ಆಮೇಲೆ ಗೊತ್ತಾಯಿತು. ಫೌಂಡೇಶನ್, ಟಿಂಟ್ ಯಾವುದೇ ಇರಲಿ, ಒಳಗಿರುವ ಬಣ್ಣ ಹೆಚ್ಚುಕಡಿಮೆ ನಾಲ್ಕೇ. ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್, ಜೊತೆಗೆ ಬಿಳಿಗೆ ಟೈಟಾನಿಯಂ ಡೈಆಕ್ಸೈಡ್. ಶೇಡ್ ತಿಳಿಯಾದಷ್ಟೂ ಬಿಳಿ ಜಾಸ್ತಿ. ಕಂದು ಚರ್ಮದ ಮೇಲೆ ಆ ಬಿಳಿ ಕೂತರೆ ಬೆಳ್ಳಗೆ ಕಾಣುವುದಿಲ್ಲ, ಬೂದಿಯಾಗಿ ಕಾಣುತ್ತದೆ. ಆ ಹುಡುಗಿ ತಪ್ಪು ಅಂತಲೂ ಅಲ್ಲ. ಆ ಕೌಂಟರಿನಲ್ಲಿ ಇದ್ದದ್ದೇ ಆರು ಶೇಡ್, ಅದರಲ್ಲಿ ನಾಲ್ಕು ನಮ್ಮಂಥವರಿಗೆ ಅಲ್ಲವೇ ಅಲ್ಲ. 2017ರಲ್ಲಿ ಗಾಯಕಿ ರಿಹಾನಾ ಅವರ ಮೇಕಪ್ ಬ್ರ್ಯಾಂಡ್ ಫೆಂಟಿ ಬ್ಯೂಟಿ ಒಂದೇ ಸಲಕ್ಕೆ 40 ಶೇಡ್ ತಂದಾಗ ಅಷ್ಟು ಸುದ್ದಿಯಾಗಿದ್ದು ಸುಮ್ನೆ ಅಲ್ಲ. ನಮ್ಮಲ್ಲಿ 2020ರಲ್ಲಿ ಆ ಹಳೇ 'ಫೇರ್ ಅಂಡ್ ಲವ್ಲಿ' ಕ್ರೀಮಿನ ಹೆಸರಿನಿಂದ 'ಫೇರ್' ಹೋಗಿ 'ಗ್ಲೋ' ಬಂತು. ಅಂದಿನಿಂದ ಯಾರಾದರೂ ಗ್ಲೋ ಅಂದ ಕೂಡಲೇ ನನಗೆ ಒಂದು ಅನುಮಾನ, ಬೆಳ್ಳಗೆ ಅನ್ನುವುದನ್ನೇ ಬೇರೆ ಬಾಯಲ್ಲಿ ಹೇಳುತ್ತಿದ್ದಾರಾ ಅಂತ.

ಹಾಗಾಗಿ ಟಿಂಟ್ ತಗೊಳ್ಳುವಾಗ ಹಟ ಹಿಡಿದೆ. ಮೂರು ಶೇಡ್‌ನ ಟೆಸ್ಟರ್ ಕೇಳಿ, ದವಡೆಯಿಂದ ಕುತ್ತಿಗೆ ಕಡೆಗೆ ಮೂರು ಗೀಟು ಎಳೆದುಕೊಂಡೆ. ಅಂಗಡಿಯ ಲೈಟಿನಲ್ಲಿ ಮೂರೂ ಒಂದೇ ತರಹ. ಹಾಗೇ ಹೊರಗೆ ಬಂದು ಎಳನೀರು ಕುಡಿದೆ, ಪಕ್ಕದ ಅಂಗಡಿಯಲ್ಲಿ ಬ್ಲೌಸ್ ಪೀಸ್ ನೋಡಿದೆ. ಅರ್ಧ ಗಂಟೆ. ಹಾಕಿದ ಸ್ವಲ್ಪ ಹೊತ್ತಿಗೆ ಚರ್ಮದ ಎಣ್ಣೆ, ಗಾಳಿ ತಾಗಿ ಬಣ್ಣ ಗಾಢವಾಗುವ ಚಾಳಿ ಇವಕ್ಕಿದೆ. ನನ್ನ ಮೂರು ಗೀಟಿನಲ್ಲಿ ಒಂದು ಕಿತ್ತಳೆ ತಿರುಗಿತ್ತು, ಒಂದು ಬಿಳಿಯಾಗೇ ಉಳಿದಿತ್ತು. ಇನ್ನೊಂದು ಎಲ್ಲಿ ಎಳೆದಿದ್ದೆ ಅಂತ ಸ್ಕೂಟರ್ ಕನ್ನಡಿಯಲ್ಲಿ ಹುಡುಕಬೇಕಾಯಿತು. ಅದನ್ನೇ ತಗೊಂಡೆ. ಮುಖಕ್ಕೆ ಮೂರು ಪಟ್ಟೆ ಎಳೆದುಕೊಂಡು ಬ್ಲೌಸ್ ಪೀಸ್ ಕೇಳುವವಳನ್ನು ಆ ಅಂಗಡಿಯವರು ಏನಂದುಕೊಂಡರೋ.

ಇನ್ನು ಬೆಳಗಿನ ಕಥೆ. ಇದನ್ನು ಹೇಳಲು ನನಗೆ ಬಹಳ ಇಷ್ಟ.

ಆರೂಮುಕ್ಕಾಲಿಗೆ ಕಾಫಿ ಫಿಲ್ಟರ್‌ಗೆ ಬಿಸಿನೀರು ಹಾಕುತ್ತೇನೆ. ಡಿಕಾಕ್ಷನ್ ಇಳಿಯುವ ಹೊತ್ತೇ ನನ್ನ ಮುಖದ ಹೊತ್ತು. ಬಚ್ಚಲಿನ ಎಲ್ಇಡಿ ಬಲ್ಬನ್ನು ನಾನು ನಂಬುವುದಿಲ್ಲ. ಅಡುಗೆಮನೆ ಕಿಟಕಿಯ ಸರಳಿಗೆ ಅಂಗೈಯಗಲದ ಒಂದು ಕನ್ನಡಿ ಕಟ್ಟಿದ್ದೇನೆ. ಕಿಟಕಿ ಪೂರ್ವಕ್ಕಿದೆ, ಎದುರು ತೆಂಗಿನ ಮರ, ಗರಿ ಸಂದಿಯಿಂದ ಹದವಾದ ಬೆಳಕು. ಮುಖ ತೊಳೆದು, ಪೂರ್ತಿ ಒರೆಸದೆ, ಒದ್ದೆ ಇರುವಾಗಲೇ ಮಾಯಿಶ್ಚರೈಸರ್. ಅಷ್ಟರಲ್ಲಿ ಹಾಲು ಕಾಯಿಸಲು ಇಟ್ಟಿರುತ್ತೇನೆ. ಹಾಲು ಉಕ್ಕುವ ಮುಂಚೆ ಎರಡು ಬೆರಳಿನುದ್ದ ಸನ್‌ಸ್ಕ್ರೀನ್, ಮುಖಕ್ಕೂ ಕುತ್ತಿಗೆಗೂ. ಟಿಂಟ್ ಮೇಲೂ ಎಸ್‌ಪಿಎಫ್ (ಬಿಸಿಲು ಎಷ್ಟು ತಡೆಯುತ್ತದೆ ಅನ್ನುವ ಅಳತೆ) 20 ಅಂತ ಬರೆದಿದೆ, ಬರೆದುಕೊಳ್ಳಲಿ. ಎಸ್‌ಪಿಎಫ್ ಅಳೆಯುವಾಗ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆಯುತ್ತಾರೆ. ಅಷ್ಟು ಟಿಂಟ್ ಹಚ್ಚಿಕೊಂಡರೆ ನಾನು ನೇರ ಯಕ್ಷಗಾನದ ಚೌಕಿಗೇ ಹೋಗಬಹುದು.

ಆಮೇಲೆ ಕಾಯುವುದು. ಮೊದಲ ವಾರ ಕಾಯದೆ, ಸನ್‌ಸ್ಕ್ರೀನ್ ಮೇಲೆ ತಕ್ಷಣ ಟಿಂಟ್ ಉಜ್ಜಿದೆ. ರಬ್ಬರಿನಿಂದ ಅಳಿಸಿದಾಗ ಬರುತ್ತದಲ್ಲ, ಹಾಗೆ ಸಣ್ಣ ಸಣ್ಣ ಉಂಡೆ ಎದ್ದಿತು. ನನ್ನ ಸನ್‌ಸ್ಕ್ರೀನ್ ಸಿಲಿಕೋನ್‌ನದು, ಟಿಂಟ್ ನೀರಿನದು, ಎರಡಕ್ಕೂ ಸುಲಭಕ್ಕೆ ಹೊಂದುವುದಿಲ್ಲ. ಹತ್ತು ನಿಮಿಷ ಬಿಟ್ಟರೆ ಹೊಂದುತ್ತವೆ. ಆ ಹತ್ತು ನಿಮಿಷದಲ್ಲಿ ಕಾಫಿ ಕುಡಿದು ಮುಗಿಸುತ್ತೇನೆ. ಇಡೀ ದಿನದಲ್ಲಿ ನಾನು ಸುಮ್ಮನೆ ಕೂರುವ ಹೊತ್ತು ಅದೊಂದೇ.

ಕೊನೆಗೆ ಟಿಂಟ್, ಕಡಲೆಕಾಳಿನಷ್ಟು. ಬ್ರಷ್ ಇಲ್ಲ, ಸ್ಪಾಂಜ್ ಇಲ್ಲ, ಉಂಗುರ ಬೆರಳಿನ ಬಿಸಿ ಸಾಕು. ಬಂಗು ಇರುವ ಕಡೆ, ಮೂಗಿನ ಪಕ್ಕ, ಗಲ್ಲದ ಮೇಲೆ ಚುಕ್ಕಿ ಇಟ್ಟು ಒತ್ತುತ್ತೇನೆ, ಉಜ್ಜುವುದಿಲ್ಲ. ಹಣೆಗೆ ಹಾಕುವುದೇ ಇಲ್ಲ. ಅಲ್ಲಿ ಕುಂಕುಮ ಇದೆ, ಅದು ಬೆವರಿಗೆ ಇಳಿಯುವುದೂ ಇದೆ. ಎಲ್ಲ ಆದ ಮೇಲೆ ಮಾವನ ಹಳೇ ಪಂಚೆಯ ತುಂಡನ್ನು ಮುಖಕ್ಕೆ ಒಮ್ಮೆ ಒತ್ತಿ ತೆಗೆಯುತ್ತೇನೆ. ಇದನ್ನು ಕಲಿತದ್ದು ಹೆಲ್ಮೆಟ್‌ನಿಂದ. ಹಳೇ ಫೌಂಡೇಶನ್ ಕಾಲದಲ್ಲಿ ಹೆಲ್ಮೆಟ್ ಒಳಗಿನ ಮೆತ್ತೆ ನನಗಿಂತ ಚೆನ್ನಾಗಿ ಮೇಕಪ್ ಮಾಡಿಕೊಂಡಿರುತ್ತಿತ್ತು. ಪಂಚೆ ತುಂಡು ಬಂದ ಮೇಲೆ ಮೆತ್ತೆ ತೊಳೆಯುವುದು ತಿಂಗಳಿಗೆ ಒಂದು ಸಲಕ್ಕೆ ಇಳಿದಿದೆ.

ಮೂರನೇ ವಾರ ಇರಬೇಕು, ಪಕ್ಕದ ಕೌಂಟರಿನವಳು ಕೇಳಿದಳು: "ಎಂತ ಮಾರಾಯ್ತಿ, ನಿನ್ನೆ ಒಳ್ಳೆ ನಿದ್ದೆ ಮಾಡಿದ್ಯಾ? ಮುಖ ಫ್ರೆಶ್ ಉಂಟು." ಏನು ಹಚ್ಚಿದ್ದೀ ಅಂತ ಕೇಳಲಿಲ್ಲ ನೋಡಿ, ನನಗೆ ಬೇಕಿದ್ದದ್ದೇ ಅದು. ದೀಪಾವಳಿ ಎಣ್ಣೆ ಸ್ನಾನ ಮಾಡಿ, ಸೀಗೆಪುಡಿ ಹಾಕಿ ತೊಳೆದು, ಊಟ ಮಾಡಿ ಒಂದು ನಿದ್ದೆ ತೆಗೆದು ಎದ್ದಾಗ ಮುಖಕ್ಕೆ ಒಂದು ಕಳೆ ಬಂದಿರುತ್ತದೆ. ಮಿಂಚುವುದಿಲ್ಲ, ಆದರೆ ಮುಖ ತುಂಬಿಕೊಂಡಿರುತ್ತದೆ. ನನ್ನ ಲೆಕ್ಕದಲ್ಲಿ ಗ್ಲೋ ಅಂದರೆ ಅಷ್ಟೇ.

ಮಂಗಳೂರಿನ ಮಳೆಗಾಲದ ಸೆಖೆಯಲ್ಲಿ ಮಧ್ಯಾಹ್ನ ಒಂದೂವರೆವರೆಗೆ ನಿಲ್ಲುತ್ತಿತ್ತು. ಆಮೇಲೆ ಮೂಗಿನ ಮೇಲಿಂದ ಮೊದಲು ಜಾಗ ಖಾಲಿ ಮಾಡುತ್ತಿತ್ತು. ತೇಪೆ ತೇಪೆಯಾಗಿ ಅಲ್ಲ, ಮರ್ಯಾದೆಯಿಂದ. ಜನವರಿಯಲ್ಲಿ ದಾವಣಗೆರೆಗೆ ಹೋದಾಗ ಮಾತ್ರ ಅಲ್ಲಿನ ಒಣ ಗಾಳಿಗೆ ಕೆನ್ನೆ ಬಿರಿದು, ಸಿಪ್ಪೆ ಎದ್ದ ಕಡೆಯೆಲ್ಲ ಬಣ್ಣ ಕಚ್ಚಿಕೊಂಡಿತು. ಅಮ್ಮ ಎರಡು ಹನಿ ಕೊಬ್ಬರಿ ಎಣ್ಣೆ ಅಂಗೈಗೆ ಹಾಕಿ "ಇದರಲ್ಲಿ ಕಲಸಿ ಹಚ್ಚು" ಅಂದಳು. ಸರಿಹೋಯಿತು. ಮಂಗಳೂರಿನಲ್ಲಿ ಆ ಕೆಲಸ ಮಾಡಬೇಡಿ, ಮುಖ ಬಾಣಲೆಯಾಗುತ್ತದೆ.

ಏಪ್ರಿಲ್‌ನಲ್ಲಿ ಮೂರನೇ ಟ್ಯೂಬ್ ತರಿಸಿದೆ. ಅದೇ ಹೆಸರು, ಅದೇ ಶೇಡ್, ಐವತ್ತು ರೂಪಾಯಿ ಜಾಸ್ತಿ. ಡಬ್ಬಿ ಮೇಲೆ ಒಂದು ಚಿನ್ನದ ನಕ್ಷತ್ರ, ಅದರೊಳಗೆ 'ಈಗ ಇನ್ನಷ್ಟು ಗ್ಲೋ'. ನನಗೆ ಆಗಲೇ ಎದೆ ಧಸಕ್ ಅಂದಿತ್ತು. ಕಿಟಕಿ ಬೆಳಕಿನಲ್ಲಿ ಅಷ್ಟು ಗೊತ್ತಾಗಲಿಲ್ಲ. ಹಂಪನಕಟ್ಟೆಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಕೂತ ಮೇಲೆ ಗೊತ್ತಾಯಿತು. ಎಫ್‌ಡಿ ಮಾಡಿಸಲು ಬಂದವರ ಜೊತೆಗಿದ್ದ ಪುಟ್ಟ ಹುಡುಗ ನನ್ನನ್ನೇ ದಿಟ್ಟಿಸಿ ನೋಡಿ, "ಅಮ್ಮಾ, ಆಂಟಿ ಮುಖದಲ್ಲಿ ಮಿಣಿಮಿಣಿ ಉಂಟು" ಅಂದ. ಅವರಮ್ಮ ಅವನ ಬಾಯಿ ಮುಚ್ಚಿದರು. ನಾನು ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಮುಖ ನೋಡಿಕೊಂಡೆ. ಹುಡುಗ ಸರಿಯಾಗೇ ಹೇಳಿದ್ದ.

ಸಂಜೆ ಮನೆಗೆ ಬಂದು ಎರಡೂ ಟ್ಯೂಬಿನ ಹಿಂಭಾಗ ಪಕ್ಕಪಕ್ಕ ಇಟ್ಟು ಓದಿದೆ. ಬಣ್ಣಗಳಿಗೆ ಹೆಸರಿನ ಬದಲು ಸಿಐ ಅಂತ ಶುರುವಾಗುವ ನಂಬರ್ ಇರುತ್ತವೆ. ಸಿಐ 77491, 77492, 77499 ಅಂದರೆ ಆ ಕೆಂಪು, ಹಳದಿ, ಕಪ್ಪು. 77891 ಬಿಳಿ. ಹಳೇ ಟ್ಯೂಬಿನಲ್ಲಿ ಇಷ್ಟೇ ಇತ್ತು. ಹೊಸದರಲ್ಲಿ ಇವುಗಳ ಜೊತೆ 77019. ಹುಡುಕಿದರೆ ಅದು ಮೈಕಾ, ಅಂದರೆ ಅಭ್ರಕ. ನಾವು ಚಿಕ್ಕವರಿದ್ದಾಗ ಮನೆ ಕಟ್ಟಲು ಸುರಿದ ಮರಳಿನ ರಾಶಿಯಲ್ಲಿ ಹೆಕ್ಕಿ, ಪುಸ್ತಕದ ನಡುವೆ ನವಿಲುಗರಿ ಜೊತೆ ಇಡುತ್ತಿದ್ದ ಕಾಗೆ ಬಂಗಾರ! ಅದನ್ನು ಅರೆದು ಕಲಸಿ, ಐವತ್ತು ರೂಪಾಯಿ ಜಾಸ್ತಿ ತಗೊಂಡು ಗ್ಲೋ ಅಂತ ಮಾರಿದ್ದಾರೆ. (ಜಾರ್ಖಂಡ್ ಕಡೆ ಇದೇ ಅಭ್ರಕವನ್ನು ಚಿಕ್ಕ ಮಕ್ಕಳು ಕೂತು ಆಯುತ್ತಾರೆ ಅಂತ ವರ್ಷಗಳಿಂದ ವರದಿ ಬರುತ್ತಲೇ ಇವೆ. ಅದನ್ನು ಓದಿದ ಮೇಲೆ ನನ್ನ ಮರಳಿನ ರಾಶಿಯ ನೆನಪೂ ಅಷ್ಟು ಸಿಹಿಯಾಗಿ ಉಳಿದಿಲ್ಲ.)

ಕಸ್ಟಮರ್ ಕೇರ್‌ಗೆ ಬರೆದೆ. ಹಳೇದು ಸಿಗುತ್ತದಾ ಅಂತ ಕೇಳಿದೆ, ಅಷ್ಟೇ. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಅಂತ ಉತ್ತರ ಬಂತು, ಜೊತೆಗೆ ಹತ್ತು ಪರ್ಸೆಂಟ್ ಕೂಪನ್. ಅದೇ ಟ್ಯೂಬನ್ನು ಇನ್ನೊಮ್ಮೆ ಕೊಳ್ಳಲು!

ಸಿಟ್ಟಿನಲ್ಲಿ ಒಂದು ವಾರ ಏನೂ ಹಚ್ಚಲಿಲ್ಲ. ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಕಾಫಿ, ಪಂಚೆ ತುಂಡು, ಅಷ್ಟೇ. ಗುರುವಾರ ಪಕ್ಕದ ಕೌಂಟರಿನವಳು ಮತ್ತೆ, "ಮುಖ ಫ್ರೆಶ್ ಉಂಟಲ್ಲ" ಅಂದಳು. ನನಗೆ ನಗು ಬಂತು, ಸ್ವಲ್ಪ ಹೊಟ್ಟೆಯೂ ಉರಿಯಿತು. ಹತ್ತು ತಿಂಗಳು ಟಿಂಟ್‌ಗೆ ಕೊಟ್ಟ ಹೊಗಳಿಕೆಯಲ್ಲಿ ಎಷ್ಟು ಪಾಲು ಆ ಹತ್ತು ನಿಮಿಷದ್ದು? ಹಾಗಂತ ಟಿಂಟ್ ಬೇಡವೇ ಬೇಡ ಅನ್ನಲಾರೆ. ಬಂಗು ಕಾಣುತ್ತಿತ್ತು. ಅದಕ್ಕೆ ಚರ್ಮದ ಡಾಕ್ಟರ ಹತ್ತಿರ ಹೋದಾಗ ಅವರು ಹೇಳಿದ್ದು ನನಗೆ ಹೊಸದು. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಗಾಢ ಮಾಡುತ್ತದಂತೆ. ಸಾದಾ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ, ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ತಡೆಯುತ್ತದೆ. ಅಂದರೆ ನಾನು ಚೆಂದಕ್ಕೆ ಅಂತ ಹಚ್ಚಿದ್ದರ ಬಣ್ಣಕ್ಕೂ ಒಂದು ಕೆಲಸ ಇತ್ತು.

ಈಗ ಹೀಗಿದೆ ವ್ಯವಸ್ಥೆ. ಎರಡನೇ ಟ್ಯೂಬಿನಲ್ಲಿ ಉಳಿದದ್ದನ್ನು ನಾಲ್ಕು ತಿಂಗಳಿಂದ ಹಬ್ಬಕ್ಕೆ ಎತ್ತಿಟ್ಟ ದುಡ್ಡಿನ ಹಾಗೆ ಜೋಪಾನ ಮಾಡಿದ್ದೆ. ಕಳೆದ ವಾರ ಕತ್ತರಿಯಿಂದ ಟ್ಯೂಬ್ ಸೀಳಿ, ಬೆಣ್ಣೆ ಬಳಿದ ಹಾಗೆ ಬಳಿದು, ಒಂದು ಖಾಲಿ ಕಾಡಿಗೆ ಡಬ್ಬಿಗೆ ತುಂಬಿದೆ. ನಾಲ್ಕೈದು ದಿನಕ್ಕೆ ಬಂದೀತು. ಶನಿವಾರ ಬಣ್ಣದ ಸನ್‌ಸ್ಕ್ರೀನ್ ನೋಡಲು ಹೋಗುತ್ತೇನೆ. ಈ ಸಲ ಗೀಟಿಗಿಂತ ಮೊದಲು ಡಬ್ಬಿ ತಿರುಗಿಸಿ 77019 ಹುಡುಕುವುದು.

ಮೂರನೇ ಟ್ಯೂಬ್ ತಂಗಿ ಮಗಳ ಪಾಲಾಯಿತು. ಅವಳಿಗೆ ಹದಿನೇಳು, ಕಾಲೇಜ್ ಡೇಗೆ ಡ್ಯಾನ್ಸ್ ಇತ್ತು. ಸ್ಟೇಜ್ ಲೈಟಿನಲ್ಲಿ ಕೆನ್ನೆ ಮೂಳೆ ಮೇಲೆ ಎಷ್ಟು ಚೆಂದ ಹೊಳೆಯಿತು ಅಂದರೆ, ಹಿಂದಿನ ಸಾಲಿನಲ್ಲಿದ್ದ ನನಗೂ ಕಂಡಿತು. "ದೊಡ್ಡಮ್ಮಾ, ಇದೇ ಇನ್ನೊಂದು ತರಿಸು" ಅಂತ ಹಿಂದೆ ಬಿದ್ದಿದ್ದಾಳೆ. ಕೂಪನ್ ಅವಳಿಗೇ ಕೊಟ್ಟೆ.

ಮೊದಲೆರಡು ಟ್ಯೂಬಿಗೆ ನಾಲ್ಕೂವರೆ ಸ್ಟಾರ್. ಮೂರನೆಯದಕ್ಕೆ ಎರಡು. ಆ ಎರಡರಲ್ಲಿ ಒಂದು ತಂಗಿ ಮಗಳದ್ದು.