ಕಿಯಾಂತಿಯಲ್ಲಿ ಬಾಡಿಗೆ ಸೈಕಲ್ ಹತ್ತುವ ಮುಂಚೆ ಬ್ರೇಕು, ಟೈರು, ಗೇರು ನೋಡಿ

ಇಟಲಿಯ ಟಸ್ಕನಿಯಲ್ಲಿ ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ದ್ರಾಕ್ಷಿ ಗುಡ್ಡಗಳ ನಾಡಾದ ಕಿಯಾಂತಿಗೆ ಬೆಂಗಳೂರಿನಿಂದ ಹೋದ ಗುಂಪೊಂದರ ಸೈಕಲ್ ಪ್ರವಾಸ ಮೊದಲ ದಿನವೇ ಹಾಳಾಯಿತು. ಒಬ್ಬರ ಮಣಿಕಟ್ಟಿನ ಮೂಳೆ ಮುರಿಯಿತು, ಇನ್ನಿಬ್ಬರು ಟ್ಯಾಕ್ಸಿ ಹಿಡಿದು ವಾಪಸಾದರು, ಬಾಡಿಗೆ ಅಂಗಡಿಯವರು ಡಿಪಾಸಿಟ್ ಪೂರ್ತಿ ಹಿಡಿದುಕೊಂಡರು. ಅಂದು ಆದ ಎಡವಟ್ಟುಗಳಿಗೆಲ್ಲ ಮೂಲ ಆ ಸೈಕಲ್ಲುಗಳಲ್ಲೇ ಇತ್ತು. ಅಂಗಡಿ ಬಾಗಿಲಲ್ಲೇ ಹತ್ತು ನಿಮಿಷ ನೋಡಿದ್ದರೆ ಗೊತ್ತಾಗುತ್ತಿತ್ತು.

ದಾರಿ ಎಲ್ಲರೂ ಹಿಡಿಯುವಂಥದ್ದೇ: ಸಿಯೆನಾದಿಂದ ಬ್ರೋಲಿಯೊ ಕೋಟೆ, ಗಾಯೋಲೆ, ರಾದ್ದಾ, ಕಾಸ್ತೆಲ್ಲೀನಾ, ಮತ್ತೆ ಸಿಯೆನಾ. ಸುಮಾರು 75 ಕಿ.ಮೀ. ಪ್ಯಾಕೇಜಿನ ಹಾಳೆಯಲ್ಲಿ ಇದಕ್ಕೆ ‘ಸುಲಭ–ಮಧ್ಯಮ’ ಅಂತ ಬರೆದಿತ್ತು. ನಂದಿಬೆಟ್ಟ ಹತ್ತಿ ಅಭ್ಯಾಸವಿದ್ದವರಿಗೆ 75 ಕಿ.ಮೀ. ದೊಡ್ಡದೆನಿಸುವುದಿಲ್ಲ. ಆದರೆ ನಂದಿಯನ್ನು ಒಂದೇ ಸಮ ಏರುತ್ತೇವೆ, ಒಂದೇ ಸಲ ಇಳಿಯುತ್ತೇವೆ. ಕಿಯಾಂತಿಯಲ್ಲಿ ಹಳ್ಳಿಗಳೆಲ್ಲ ದಿಣ್ಣೆಯ ಮೇಲೆ, ಹೊಳೆಗಳೆಲ್ಲ ಕಣಿವೆಯಲ್ಲಿ. ಇನ್ನೂರು ಮೀಟರ್ ಏರು, ನೂರೈವತ್ತು ಇಳಿ, ಮತ್ತೆ ಏರು. ಸಂಜೆ ಹೊತ್ತಿಗೆ ಒಟ್ಟು ಏರಿಕೆ ಸಾವಿರ ಮೀಟರ್ ದಾಟಿರುತ್ತದೆ. ಸರಾಸರಿ ಇಳಿಜಾರು ನೋಡಿ ಮೋಸ ಹೋಗಬೇಡಿ. ದಾರಿಯ ಏರಿಳಿತ ತೋರಿಸುವ ಪ್ರೊಫೈಲ್‌ನಲ್ಲಿ ಅತಿ ಕಡಿದಾದ 500 ಮೀಟರ್ ಎಷ್ಟು ಶೇಕಡಾ ಇದೆ ಅಂತ ಮೊದಲು ನೋಡಿ. ಇಲ್ಲಿ 12 ಶೇಕಡಾದ, ಅಂದರೆ ನೂರು ಮೀಟರಿಗೆ ಹನ್ನೆರಡು ಮೀಟರ್ ಏರುವ, ತುಂಡುಗಳು ಧಾರಾಳವಾಗಿ ಸಿಗುತ್ತವೆ.

ಮೊದಲು ಬ್ರೇಕ್ ವಿಷಯ, ಯಾಕೆಂದರೆ ಮೂಳೆ ಮುರಿದದ್ದು ಇದರಿಂದ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಲಿವರ್ ಹಿಡಿದರೆ ಮುಂದಿನ ಬ್ರೇಕ್. ಮೋಟರ್‌ಸೈಕಲ್ಲಿನಲ್ಲೂ ಹಾಗೇ ಇರುವುದರಿಂದ ಕೈಗೆ ಅದೇ ರೂಢಿ. ಇಟಲಿಯ ಸೈಕಲ್ಲುಗಳಲ್ಲಿ ಮುಂದಿನ ಬ್ರೇಕ್ ಎಡಗೈಗೆ ಬರುತ್ತದೆ. ಸಮತಟ್ಟಾದ ಡಾಂಬರಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಜಲ್ಲಿ ರಸ್ತೆಯ ಇಳಿಜಾರಿನಲ್ಲಿ ಗಾಬರಿಯಾಗಿ ‘ಹಿಂದಿನದನ್ನು ಸ್ವಲ್ಪ ಹಿಡಿಯೋಣ’ ಅಂತ ಎಡಗೈ ಒತ್ತಿದರೆ ಮುಂದಿನ ಚಕ್ರ ಲಾಕ್ ಆಗುತ್ತದೆ. ಹಿಂದಿನ ಚಕ್ರ ಲಾಕ್ ಆದರೆ ಸೈಕಲ್ ಒಂದಿಷ್ಟು ಜಾರುತ್ತದೆ, ಸಾವರಿಸಿಕೊಳ್ಳಬಹುದು. ಮುಂದಿನದು ಲಾಕ್ ಆದರೆ ಹ್ಯಾಂಡಲ್ ತಿರುಗಿಸಿದರೂ ಸೈಕಲ್ ತಿರುಗುವುದಿಲ್ಲ, ಸಾವರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಆ ಗುಂಪಿನಲ್ಲಿ ಬಿದ್ದವರು ಕೈ ಊರಿದ್ದರು, ಮುರಿದದ್ದು ಅದೇ ಕೈ.

ಪರೀಕ್ಷೆ ಸುಲಭ. ಮುಂದಿನ ಚಕ್ರ ಎತ್ತಿ ಹಿಡಿದು ತಿರುಗಿಸಿ, ಎಡ ಲಿವರ್ ಒತ್ತಿ, ಚಕ್ರ ನಿಂತರೆ ಅದು ಯುರೋಪಿನ ಜೋಡಣೆ. ಕೇಬಲ್ ಬ್ರೇಕ್ ಆದರೆ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಅದಲು ಬದಲು ಮಾಡಬಲ್ಲ. ಹೈಡ್ರಾಲಿಕ್ ಡಿಸ್ಕ್ ಆದರೆ ಪೈಪು ಬದಲಿಸಿ ಎಣ್ಣೆಯೊಳಗಿನ ಗಾಳಿ ತೆಗೆಯಬೇಕು. ಬೆಳಿಗ್ಗೆ ಎಂಟಕ್ಕೆ ಹೋಗಿ ಕೇಳಿದರೆ ಯಾವ ಅಂಗಡಿಯವನೂ ಒಪ್ಪುವುದಿಲ್ಲ. ಆದ್ದರಿಂದ ಬುಕ್ ಮಾಡುವಾಗಲೇ ‘ಮುಂದಿನ ಬ್ರೇಕ್ ಬಲಗೈಗೆ ಬೇಕು’ ಎಂದು ಮೇಲ್‌ನಲ್ಲಿ ಬರೆದು ಉತ್ತರ ತರಿಸಿಕೊಳ್ಳಿ. ಆಗದು ಎಂದರೆ ಎಡ ಲಿವರ್‌ಗೆ ಕೆಂಪು ಟೇಪ್ ಸುತ್ತಿ, ಖಾಲಿ ಪಾರ್ಕಿಂಗ್ ಜಾಗದಲ್ಲಿ ಅರ್ಧ ಗಂಟೆ ಬ್ರೇಕ್ ಹಿಡಿದು ನಿಲ್ಲಿಸುವ ಅಭ್ಯಾಸ ಮಾಡಿ. ಅದರ ಮೇಲೆ ರಸ್ತೆಯ ಬಲಬದಿಗೆ ಓಡಿಸಬೇಕು. ತಲೆಗೆ ಎರಡು ಕೆಲಸ ಒಟ್ಟಿಗೆ ಕೊಡಬೇಡಿ.

ಇನ್ನು ಬಿಳಿ ರಸ್ತೆಗಳು. ಸುಣ್ಣಕಲ್ಲಿನ ಪುಡಿ, ಜಲ್ಲಿ ಹಾಕಿದ ಈ ಕಚ್ಚಾ ದಾರಿಗಳಿಂದಲೇ ಗಾಯೋಲೆಯಲ್ಲಿ 1997ರಿಂದ ಹಳೇ ಸೈಕಲ್ಲುಗಳ ಲೆರೋಯಿಕಾ ಸವಾರಿ ನಡೆಯುತ್ತಿದೆ, 2007ರಿಂದ ಸಿಯೆನಾದಲ್ಲಿ ಮುಗಿಯುವ ಸ್ಟ್ರಾದೆ ಬಿಯಾಂಕೆ ಎಂಬ ವೃತ್ತಿಪರ ರೇಸ್ ಕೂಡ. ಫೋಟೋದಲ್ಲಿ ಸೈಪ್ರೆಸ್ ಮರಗಳ ನಡುವೆ ಬಲು ಚೆಂದ ಕಾಣುತ್ತವೆ. ಚಕ್ರ ಓಡುವ ಎರಡು ಜಾಡು ಗಟ್ಟಿಯಾಗಿರುತ್ತವೆ, ನಡುವಿನ ದಿಬ್ಬದಲ್ಲೂ ತಿರುವಿನ ಹೊರ ಅಂಚಿನಲ್ಲೂ ಸಡಿಲ ಜಲ್ಲಿ. ಇಳಿಜಾರಿನಲ್ಲಿ ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಡಿ, ಸೊಂಟ ಹಿಂದಕ್ಕೆ ತನ್ನಿ, ಜಾಡು ಬಿಟ್ಟು ಜಾಡಿಗೆ ಹಾರಬೇಡಿ.

ಆ ಗುಂಪಿಗೆ ಕೊಟ್ಟ ಟೈರು 25 ಮಿ.ಮೀ., ಅದರಲ್ಲಿ ಡಾಂಬರಿಗೆ ಹೇಳಿದ 110 ಪಿಎಸ್‌ಐ ಗಾಳಿ. ಅಷ್ಟು ಗಟ್ಟಿ ಟೈರು ಜಲ್ಲಿಯ ಮೇಲೆ ಪುಟಿಯುತ್ತದೆ, ನೆಲ ಕಚ್ಚುವುದಿಲ್ಲ. 75 ಕಿಲೋ ತೂಕದವರಿಗೆ 32 ಮಿ.ಮೀ. ಟೈರು ಕೇಳಿ; ಟ್ಯೂಬ್ ಇದ್ದರೆ ಮುಂದೆ 50–55, ಹಿಂದೆ 55–60 ಪಿಎಸ್‌ಐ. 28 ಮಿ.ಮೀ. ಮಾತ್ರ ಸಿಕ್ಕಿದರೆ 65–75. ಅದಕ್ಕಿಂತ ಇಳಿಸಿದರೆ ಕಲ್ಲಿಗೆ ಬಡಿದಾಗ ರಿಮ್ಮಿಗೂ ಟೈರಿಗೂ ನಡುವೆ ಟ್ಯೂಬ್ ಸಿಕ್ಕಿ ಪಕ್ಕಪಕ್ಕ ಎರಡು ತೂತು ಬೀಳುತ್ತವೆ. ಎರಡು ಟ್ಯೂಬ್ ಜೊತೆಗಿರಲಿ. ರಿಮ್ ಆಳದ್ದಾಗಿದ್ದರೆ ವಾಲ್ವ್ ಕೂಡ ಉದ್ದದ್ದೇ ಬೇಕು, ಗಿಡ್ಡ ವಾಲ್ವಿಗೆ ಪಂಪೇ ಸಿಕ್ಕುವುದಿಲ್ಲ.

ಮಳೆ ಬಂದ ಮರುದಿನ ಸಿಯೆನಾದ ಆಗ್ನೇಯಕ್ಕಿರುವ ಕ್ರೇತೆ ಪ್ರದೇಶದ ಕಚ್ಚಾ ದಾರಿಗಳಿಗೆ ಇಳಿಯಲೇಬೇಡಿ. ಅಲ್ಲಿನದು ಜೇಡಿಮಣ್ಣು. ಟೈರಿಗೂ ಫ್ರೇಮಿಗೂ ನಡುವೆ ಮೆತ್ತಿಕೊಂಡು ಚಕ್ರವನ್ನೇ ನಿಲ್ಲಿಸುತ್ತದೆ, ಸೈಕಲ್ ಹೊತ್ತು ನಡೆಯಬೇಕು.

ಟ್ಯಾಕ್ಸಿ ಹಿಡಿದವರನ್ನು ಕೆಡಿಸಿದ್ದು ಗೇರು. ಮುಂದಿನ ಚಿಕ್ಕ ಹಲ್ಲುಚಕ್ರದಲ್ಲಿ 34 ಹಲ್ಲು, ಹಿಂದಿನ ಅತಿ ದೊಡ್ಡದರಲ್ಲಿ 28. ಪೆಡಲ್ ಒಂದು ಸುತ್ತು ಹೊಡೆದರೆ ಸೈಕಲ್ ಸುಮಾರು 2.55 ಮೀಟರ್ ಹೋಗುತ್ತದೆ. ಸವಾರ, ಸೈಕಲ್ ಸೇರಿ 85 ಕಿಲೋ, ಏರು 12 ಶೇಕಡಾ, ವೇಗ ಗಂಟೆಗೆ 8 ಕಿ.ಮೀ. ಅಂತ ಇಟ್ಟುಕೊಂಡರೆ ಗುರುತ್ವವನ್ನು ಗೆಲ್ಲಲಿಕ್ಕೇ 220 ವ್ಯಾಟ್ ಬೇಕು, ಪೆಡಲ್ ನಿಮಿಷಕ್ಕೆ 52 ಸುತ್ತು. ಸುಸ್ತಾಗಿ 6 ಕಿ.ಮೀ.ಗೆ ಇಳಿದರೆ ಸುತ್ತು 39ಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಭಾರವೆಲ್ಲ ಮಂಡಿಯ ಮೇಲೆ. ಜಲ್ಲಿಯಲ್ಲಿ ಎದ್ದು ನಿಂತು ತುಳಿಯೋಣವೆಂದರೆ ಹಿಂದಿನ ಚಕ್ರದ ಮೇಲಿನ ಭಾರ ತಪ್ಪಿ ಅದು ಸುಮ್ಮನೆ ತಿರುಗುತ್ತದೆ. ಹಿಂದೆ 34 ಹಲ್ಲು ಇದ್ದರೆ ಅದೇ 8 ಕಿ.ಮೀ. ವೇಗಕ್ಕೆ 63 ಸುತ್ತು, ಕೂತೇ ಏರಬಹುದು. ಇದನ್ನೂ ಮುಂಚೆಯೇ ಕೇಳಿ. ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಡಿರೇಲರ್ ಗಿಡ್ಡ ಕೇಜಿನದಾಗಿದ್ದರೆ ಅದಕ್ಕೆ 34ರ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಎಷ್ಟೋ ಸಲ ಹಿಡಿಸುವುದಿಲ್ಲ, ಬರೀ ಕ್ಯಾಸೆಟ್ ಬದಲಿಸಿಕೊಡುತ್ತೇನೆ ಅನ್ನುವ ಅಂಗಡಿಯವನನ್ನು ನಂಬಬೇಡಿ.

ವೈನ್ ರುಚಿ ನೋಡುವ ಆಸೆ ಸಹಜ. ಕಿಯಾಂತಿಯ ಗಡಿಯನ್ನು 1716ರಲ್ಲೇ ದೊರೆ ಮೂರನೇ ಕೊಸಿಮೊ ಆಜ್ಞೆ ಹೊರಡಿಸಿ ಗುರುತಿಸಿದ್ದ, ಬ್ರೋಲಿಯೊ ಕೋಟೆಯ ಒಡೆಯ ಬೆತ್ತೀನೊ ರಿಕಾಸೊಲಿ ಹತ್ತೊಂಬತ್ತನೇ ಶತಮಾನದಲ್ಲಿ ಕಿಯಾಂತಿ ವೈನಿನ ದ್ರಾಕ್ಷಿ ಮಿಶ್ರಣ ಬರೆದಿಟ್ಟ. ಆದರೆ ಬ್ರೋಲಿಯೊ ಈ ದಾರಿಯ ಮೊದಲ ಮೂರನೇ ಒಂದು ಭಾಗದಲ್ಲೇ ಬರುತ್ತದೆ, ಇಳಿಜಾರುಗಳೆಲ್ಲ ಅದರ ನಂತರ. ನೂರು ಮಿ.ಲೀ. ಲೋಟವೊಂದರಲ್ಲಿ ಹತ್ತು ಗ್ರಾಂಗೂ ಹೆಚ್ಚು ಆಲ್ಕೋಹಾಲ್ ಇರುತ್ತದೆ. ಇಟಲಿಯಲ್ಲಿ ರಕ್ತದ ಲೀಟರಿಗೆ 0.5 ಗ್ರಾಂ ಮಿತಿ ಸೈಕಲ್ಲಿಗೂ ಅನ್ವಯ. ರುಚಿ ನೋಡಿದ ವೈನ್ ಉಗಿಯಲು ಪಾತ್ರೆ ಎಲ್ಲ ಕಡೆ ಇಟ್ಟಿರುತ್ತಾರೆ, ಸಂಕೋಚ ಬೇಡ. ಇಲ್ಲವೇ ಸೈಕಲ್ ವಾಪಸ್ ಕೊಟ್ಟ ಮೇಲೆ ಸಿಯೆನಾದಲ್ಲಿ ಕುಡಿಯಿರಿ.

ಕಾಸ್ತೆಲ್ಲೀನಾದ ಅಂಚಿನಲ್ಲಿರುವ ಮೊಂತೆಕಾಲ್ವಾರಿಯೊ ದಿಬ್ಬದೊಳಗೆ ಇಲ್ಲಿನ ಪ್ರಾಚೀನ ಜನರಾದ ಎಟ್ರುಸ್ಕನ್ನರ ಸಮಾಧಿಗಳಿವೆ, ನಾಲ್ಕು ದಿಕ್ಕಿಗೆ ನಾಲ್ಕು. ರೋಮ್ ಪ್ರಬಲವಾಗುವ ಮೊದಲಿನವು. ಬಿಟ್ಟು ಬರಬೇಡಿ, ಆದರೆ ಪೆಡಲಿಗೆ ಸಿಕ್ಕಿಸುವ ಕ್ಲೀಟ್ ಇರುವ ಶೂನಲ್ಲಿ ಆ ಕಲ್ಲಿನ ಓಣಿಗೆ ಇಳಿಯಬೇಡಿ. ಕ್ಲೀಟ್‌ಗೆ ರಬ್ಬರ್ ಕವರ್ ಹಾಕಿ, ಸೈಕಲ್ಲಿನ ದೀಪ ಕೈಯಲ್ಲಿ ಹಿಡಿಯಿರಿ. ಎಲ್ಲರೂ ಒಟ್ಟಿಗೆ ಒಳಗೆ ಹೋಗದೆ ಒಬ್ಬರು ಸೈಕಲ್ ಬಳಿ ನಿಲ್ಲಲಿ. ಹೊತ್ತಿನ ಮೇಲೂ ಕಣ್ಣಿಡಿ. ಊರಾಚೆ ಸೂರ್ಯಾಸ್ತವಾಗಿ ಅರ್ಧ ಗಂಟೆ ಕಳೆದ ಮೇಲೆ, ಮತ್ತು ಸುರಂಗಗಳಲ್ಲಿ, ಬೆಳಕು ಪ್ರತಿಫಲಿಸುವ ಜಾಕೆಟ್ ಕಡ್ಡಾಯ. ಸಿಯೆನಾ–ಫ್ಲಾರೆನ್ಸ್ ನಾಲ್ಕು ಪಥದ ರಸ್ತೆಗೆ ಸೈಕಲ್ ಏರಿಸಬೇಡಿ, ಆ್ಯಪ್ ಏನೇ ತೋರಿಸಲಿ.

ಡಿಪಾಸಿಟ್ ಉಳಿಸಿಕೊಳ್ಳಬೇಕಾದರೆ ಹೊರಡುವ ಮೊದಲು ಅಂಗಡಿಯವನ ಎದುರಿಗೇ ವಿಡಿಯೋ ಮಾಡಿ: ಎರಡೂ ರಿಮ್, ಫ್ರೇಮಿನ ಕೆಳಪೈಪು, ಪೆಡಲ್ ಕೂಡುವ ಕ್ರ್ಯಾಂಕ್, ಡಿರೇಲರ್ ನೇತುಹಾಕುವ ಹ್ಯಾಂಗರ್. ಬಲಕ್ಕೆ ಬಿದ್ದರೆ ಮೊದಲು ಬಾಗುವುದು ಹ್ಯಾಂಗರ್, ಫ್ರೇಮಿಗೊಂದು ಮಾದರಿ ಇರುವುದರಿಂದ ಹಳ್ಳಿಯಲ್ಲಿ ಸಿಗುವುದಿಲ್ಲ. ಒಂದು ಬಿಡಿ ಹ್ಯಾಂಗರ್ ಕೇಳಿ ಇಸಿದುಕೊಳ್ಳಿ. ಷೆಂಗೆನ್ ವೀಸಾಗೆ ಮಾಡಿಸುವ 30,000 ಯೂರೊ ವಿಮೆ ಆಸ್ಪತ್ರೆ ಖರ್ಚಿನದು, ಬಾಡಿಗೆ ಸೈಕಲ್ಲಿನ ಹಾನಿಗೆ ಅಂಗಡಿಯಲ್ಲಿ ಬೇರೆ ವಿಮೆ ಇದೆಯೇ ಕೇಳಿ, ಅದರಲ್ಲಿ ಬಿಳಿ ರಸ್ತೆ ಸೇರಿದೆಯೇ ಅಂತಲೂ ಓದಿ. ಆ ಗುಂಪಿನ ಕರಾರಿನಲ್ಲಿ ‘ಡಾಂಬರು ರಸ್ತೆಗೆ ಮಾತ್ರ’ ಎಂದಿತ್ತು, ಅದೇ ಅಂಗಡಿ ಕೊಟ್ಟ ನಕ್ಷೆಯಲ್ಲಿ ಒಂಬತ್ತು ಕಿ.ಮೀ. ಜಲ್ಲಿ ಇತ್ತು.