ನೂರು ಪರೀಕ್ಷೆಯ ಸಿಡಿ4 ಸೀಸೆ: ಒಂದೂಮುಕ್ಕಾಲು ವರ್ಷದ ಬಳಕೆಯ ನಂತರ

ಬೆರಳಿನ ಎರಡು ಗೆಣ್ಣಿನಷ್ಟು ಸೀಸೆ, ಒಳಗೆ ಅರ್ಧ ಮಿಲಿಲೀಟರ್ ದ್ರವ. ಬಿಲ್ಲಿನಲ್ಲಿ ಸೊನ್ನೆ ಒಂದು ಹೆಚ್ಚಾಗಿ ಬಿದ್ದಿದೆಯೇನೋ ಎಂದು ನಮ್ಮ ಲೆಕ್ಕಪತ್ರ ವಿಭಾಗದವರು ಅದನ್ನು ಎರಡು ಬಾರಿ ಹಿಂದಕ್ಕೆ ಕಳುಹಿಸಿದರು. ಬೆಳಗಾವಿಯ ನಮ್ಮ ಪ್ರಯೋಗಾಲಯದಲ್ಲಿ ಟಿ ಜೀವಕೋಶಗಳೆಂಬ ಬಿಳಿ ರಕ್ತಕಣಗಳ ಮೇಲ್ಮೈಯಲ್ಲಿರುವ ಸಿಡಿ4 ಪ್ರೋಟೀನನ್ನು ಗುರುತಿಸಲು, ಅದಕ್ಕೆ ಹೋಗಿ ಅಂಟಿಕೊಳ್ಳುವ ಈ ಪ್ರತಿಕಾಯ ಬೇಕು. ಆರ್‌ಪಿಎ-ಟಿ4 ಕ್ಲೋನ್ (ಪ್ರತಿಕಾಯದ ತಳಿಯ ಹೆಸರು), ಬೆಳಕು ಬಿದ್ದರೆ ಹೊಳೆಯುವ ಪಿಇ ಬಣ್ಣ ಕೂಡಿಸಿದ್ದು. ಉಳಿದದ್ದು ಲೇಬಲ್ಲಿನಲ್ಲೇ ಇದೆ.

ಮೊದಲ ಸೀಸೆ ಏಪ್ರಿಲ್‌ನಲ್ಲಿ ಬಂತು. ಬೆಂಗಳೂರಿನಿಂದ ಸುಮಾರು 500 ಕಿಲೋಮೀಟರ್, ಮೇಲೆ ಈ ಬಿಸಿಲು ಎಂದು ಹೆದರಿದ ವಿತರಕರು ಅದರ ಸುತ್ತ ಕಲ್ಲಿನಂತೆ ಗಟ್ಟಿಯಾದ ಜೆಲ್ ಪ್ಯಾಕ್‌ಗಳನ್ನು ತುರುಕಿದ್ದರು. ಪೆಟ್ಟಿಗೆ ತೆರೆದರೆ ದ್ರವ ಹೆಪ್ಪುಗಟ್ಟಿತ್ತು. ಪಿಇ ಎಂಬುದು ಕೆಂಪು ಪಾಚಿಯಿಂದ ತೆಗೆಯುವ ದೊಡ್ಡ ಪ್ರೋಟೀನು; ಮಂಜುಗಟ್ಟುವುದು ಅದಕ್ಕೆ ಆಗಿಬರುವುದಿಲ್ಲ. ಒಂದೊಂದು ಕೋಶದ ಹೊಳಪನ್ನೂ ಅಳೆಯುವ ಯಂತ್ರವಾದ ಫ್ಲೋ ಸೈಟೋಮೀಟರಿನಲ್ಲಿ ನೋಡಿದಾಗ ಹೊಳಪು ಅರ್ಧಕ್ಕರ್ಧ ಇಳಿದಿತ್ತು. ಸೆಕೆಗೆ ಹೆದರಿ ಚಳಿಗೆ ಕೊಟ್ಟಂತಾಯಿತು. ಬದಲಿ ಸೀಸೆಗಾಗಿ ಹನ್ನೊಂದು ಇಮೇಲ್ ಬರೆದೆ, ಆರು ವಾರ ಕಾದೆ. ಆ ದಿನಗಳಲ್ಲಿ ಈ ವಿಮರ್ಶೆ ಬರೆದಿದ್ದರೆ ಒಂದು ನಕ್ಷತ್ರವನ್ನೂ ಕೊಡುತ್ತಿರಲಿಲ್ಲ.

ಎರಡನೆಯ ಸೀಸೆಯನ್ನು ಬಾಣಂತಿಯ ಕೂಸಿನಂತೆ ನೋಡಿಕೊಂಡೆ. ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿ, ಹಿಂಬದಿಯ ಗೋಡೆಗೆ ತಾಗದಂತೆ ಇಟ್ಟೆ. ಒಮ್ಮೆ ಯಾರೋ ಅದರ ಪಕ್ಕದಲ್ಲೇ ಕುಂದಾದ ಡಬ್ಬಿ ಇಟ್ಟಿದ್ದರು. ರಕ್ತದ ಮಾದರಿ ಇಡುವ ಫ್ರಿಜ್ಜಿನಲ್ಲಿ ಸಿಹಿ! ಅಂದು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾಗದು.

ಕೆಲಸದ ದಿನ ಮೊದಲು ನನ್ನ ಮೇಜಿನ ಮೇಲಿನ ಟ್ಯೂಬ್‌ಲೈಟ್ ಆರಿಸುತ್ತೇನೆ. ಮುಚ್ಚಳಕ್ಕೆ ಅಂಟಿದ ಹನಿ ಕೆಳಗಿಳಿಯಲೆಂದು ಸೀಸೆಯನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಕೆಲವು ಸೆಕೆಂಡು ಗಿರ್ರನೆ ತಿರುಗಿಸುತ್ತೇನೆ; ಒಂದೊಂದು ಹನಿಗೂ ಬೆಲೆ ಕಟ್ಟಿದ ಮೇಲೆ ಈ ಜಿಪುಣತನ ತಾನಾಗಿ ಬರುತ್ತದೆ. 100 ಮೈಕ್ರೋಲೀಟರ್ ರಕ್ತಕ್ಕೆ ಅದನ್ನು ಬೆರೆಸಿ, ನಳಿಕೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಮೇಜಿನ ಖಾನೆಯಲ್ಲಿ 20 ನಿಮಿಷ ಕತ್ತಲಲ್ಲಿಡುತ್ತೇನೆ. ಒಂದು ಕಪ್ ಚಹಾಕ್ಕೆ ಸರಿಯಾದ ಸಮಯ. ಹಿಂದಿರುಗಿ ಕೆಂಪು ಕಣಗಳನ್ನು ಒಡೆದು, ತೊಳೆದು, ಫ್ಲೋ ಸೈಟೋಮೀಟರಿಗೆ ಹಾಕುತ್ತೇನೆ.

ನನ್ನ ಸಿಟ್ಟು ಇಳಿದದ್ದು ಹಿರಿಯ ತಂತ್ರಜ್ಞೆ ಅಕ್ಕನ ಒಂದು ಮಾತಿನಿಂದ. "ಒಂದು ಪರೀಕ್ಷೆಗೆ ಐದು ಮೈಕ್ರೋಲೀಟರ್ ಎಂದು ಬರೆದವರು ಸೀಸೆ ಮಾರುವವರು. ನೀನೇ ಅಳೆದು ನೋಡು" ಎಂದರು. ಒಂದೇ ರಕ್ತಕ್ಕೆ 5, 2.5, 1.25, 0.6 ಹೀಗೆ ಹಾಕಿ ನೋಡಿದೆ. ಐದಕ್ಕೆ ಸಿಡಿ4 ಇಲ್ಲದ ಕೋಶಗಳೂ ಸ್ವಲ್ಪ ಹೊಳೆಯುತ್ತಿದ್ದವು. 0.6ಕ್ಕೆ ಇರುವವೇ ಮಂಕಾದವು. 1.25ಕ್ಕೆ ಈ ಎರಡು ಗುಂಪುಗಳ ನಡುವೆ ಎತ್ತಿನ ಗಾಡಿ ಹೋಗುವಷ್ಟು ಅಂತರ. ನೂರು ಪರೀಕ್ಷೆಯ ಸೀಸೆ ಲೆಕ್ಕದಲ್ಲಿ ನಾನೂರರದ್ದಾಯಿತು! ವಾರಕ್ಕೆ ಮೂರು ನಾಲ್ಕು ಮಾದರಿ ಮಾಡುವ ನಮಗೆ ಅದೇ ಸೀಸೆ ಇಂದಿಗೂ ನಡೆಯುತ್ತಿದೆ. ಲೆಕ್ಕಪತ್ರ ವಿಭಾಗದವರು ಈಗ ನನ್ನನ್ನು ಕಂಡರೆ ನಗುತ್ತಾರೆ.

ಈ ಉಳಿತಾಯ ಸಂಶೋಧನೆಗೆ ಮಾತ್ರ. ರೋಗಿಯ ಕೈಗೆ ಹೋಗುವ ಸಿಡಿ4 ಎಣಿಕೆಯ ವರದಿಗೆ ಬೇರೆ ಕಿಟ್ ಇದೆ. ಅದರಲ್ಲಿ ಬರೆದದ್ದನ್ನು ಅಕ್ಷರಶಃ ಪಾಲಿಸಬೇಕು. ಬಿಳಿ ಕಣಗಳ ಸಂಖ್ಯೆ ವಿಪರೀತ ಹೆಚ್ಚಿರುವ ರಕ್ತಕ್ಕೂ ನನ್ನ 1.25 ಸಾಲದು.

ಹೊಸ ವಿದ್ಯಾರ್ಥಿಗಳು ಪ್ರತಿ ವರ್ಷ ತರುವ ದೂರೊಂದಿದೆ: "ನಡುವೆ ಮಂಕಾದ ಇನ್ನೊಂದು ಗುಂಪು ಕಾಣುತ್ತಿದೆ, ಪ್ರತಿಕಾಯ ಕೆಟ್ಟಿದೆ." ಕೆಟ್ಟಿಲ್ಲ. ಅವು ಮಾನೋಸೈಟ್‌ಗಳೆಂಬ ಇನ್ನೊಂದು ಬಗೆಯ ಬಿಳಿ ಕಣಗಳು, ಅವುಗಳ ಮೇಲೂ ಸಿಡಿ4 ಸ್ವಲ್ಪ ಇರುತ್ತದೆ. ಅದು ಕಾಣದಿದ್ದರೇ ನನಗೆ ಚಿಂತೆ.

ನಾಲ್ಕು ನಕ್ಷತ್ರ. ಐದನೆಯದು ಆ ಜೆಲ್ ಪ್ಯಾಕ್‌ಗಳ ಜೊತೆ ಹೋಯಿತು. ಮುಂದಿನ ಸೀಸೆಗೆ ಮೊನ್ನೆ ಸೋಮವಾರ ಆರ್ಡರ್ ಕೊಟ್ಟೆ. ಶುಕ್ರವಾರ ಕೊಟ್ಟರೆ ಭಾನುವಾರವಿಡೀ ಗೋದಾಮಿನಲ್ಲಿ ಬಿದ್ದಿರುತ್ತದೆ. "ಸೀಸೆಗೂ ಜೆಲ್ ಪ್ಯಾಕಿಗೂ ನಡುವೆ ದಪ್ಪ ರಟ್ಟು ಇಡಿ" ಎಂದು ಆರ್ಡರಿನಲ್ಲೇ ಬರೆದಿದ್ದೇನೆ, ಕೆಳಗೆ ಗೆರೆ ಎಳೆದು.