ಕರಾರಿಗೆ ಮುಂಚೆ ಆಧಾರ್ ಝೆರಾಕ್ಸ್ ಕೊಡಬೇಡಿ

ಕಲಬುರಗಿಯಲ್ಲಿ ಬಾಡಿಗೆ ಮನೆ ಹುಡುಕುತ್ತಿರುವವರು ದಯವಿಟ್ಟು ಓದಿ. ಮನೆ ಸಿಗಲಿಲ್ಲವೆಂಬ ಬೇಸರಕ್ಕೆ ಇದನ್ನು ಬರೆಯುತ್ತಿಲ್ಲ. ನಮ್ಮ ಕಾಗದಪತ್ರಗಳು ಈಗ ಯಾರ ಕೈಯಲ್ಲಿವೆಯೋ ನನಗೆ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಜೂನ್‌ನಲ್ಲಿ ನನ್ನ ಪತಿಗೆ ಬೀದರ್‌ನಿಂದ ಇಲ್ಲಿಗೆ ವರ್ಗವಾಯಿತು. ಜೇವರ್ಗಿ ರಸ್ತೆಯ ಕಡೆ ಏಜೆಂಟ್ ಒಬ್ಬರು ಮೊದಲ ಮಹಡಿಯ ಮನೆ ತೋರಿಸಿದರು. ಬಾಡಿಗೆ 9,000 ರೂಪಾಯಿ. ಮಾಲೀಕರು ವಯಸ್ಸಾದವರು, ಮಾತು ಮೃದು. ಎಲ್ಲಿ ಕೆಲಸ, ಸಂಬಳ ಎಷ್ಟು, ಮನೆಯಲ್ಲಿ ಎಷ್ಟು ಜನ, ಊರಿನಿಂದ ನೆಂಟರು ಬಂದು ಉಳಿಯುತ್ತಾರೆಯೇ ಎಂದೆಲ್ಲ ಕೇಳಿದರು. ಬೇಸಿಗೆಯಲ್ಲಿ ನೀರಿಗೆ ಪರದಾಡುವ ಊರಿನಲ್ಲಿ ತಲೆ ಎಣಿಸುವುದು ತಪ್ಪೆಂದು ನಾನು ಹೇಳುವುದಿಲ್ಲ. ತಮ್ಮ ಮನೆಗೆ ಬರುವವರು ಯಾರೆಂದು ತಿಳಿಯುವ ಹಕ್ಕು ಅವರಿಗಿದೆ.

"ಇವತ್ತೇ ಕಾಗದ ಕೊಟ್ಟರೆ ಮನೆ ನಿಮ್ಮದು, ನಾಳೆ ಇನ್ನೊಬ್ಬರು ಬರುವವರಿದ್ದಾರೆ" ಎಂದು ಏಜೆಂಟ್ ಅವಸರಪಡಿಸಿದರು. ಇಬ್ಬರ ಆಧಾರ್, ಪ್ಯಾನ್, ಮೂರು ತಿಂಗಳ ಸಂಬಳ ಚೀಟಿ, ಫೋಟೊ ಎಲ್ಲವನ್ನೂ ಕೊಟ್ಟೆವು. ಮುಂಗಡವಾಗಿ 5,000 ನಗದು. ರಸೀದಿ ಕೇಳಲಿಲ್ಲ.

ನಾಲ್ಕನೆಯ ದಿನ 11 ತಿಂಗಳ ಕರಾರಿಗೆ ಸಹಿ ಹಾಕಲು ಹೋದೆವು. ಮಾಲೀಕರ ಪತ್ನಿ ಚಹಾ ಕೊಡುತ್ತ, "ನೀವು ಯಾವ ಮಂದಿ, ತಂಗಿ?" ಎಂದು ಕೇಳಿದರು. ಹೇಳಿದೆ. ಚಹಾ ಮುಗಿಯುವವರೆಗೂ ಯಾರೂ ಮಾತನಾಡಲಿಲ್ಲ. ಆಮೇಲೆ, ಪುಣೆಯಿಂದ ಮಗ ಬರುತ್ತಿದ್ದಾನೆ, ಮನೆ ಅವನಿಗೇ ಬೇಕು ಎಂದರು. ಮರುವಾರ ಅದೇ ಗೇಟಿನ ಮೇಲೆ ಬಾಡಿಗೆಯ ಫಲಕ ಮತ್ತೆ ನೇತಾಡುತ್ತಿತ್ತು. ಜಾತಿ ಕೇಳಿ ಮನೆ ಕೊಡುವುದೇ ತಪ್ಪು. ಹಣವನ್ನೂ ಕಾಗದವನ್ನೂ ಇಟ್ಟುಕೊಂಡ ಮೇಲೆ ಕೇಳುವುದು ಅನ್ಯಾಯ.

ಮನೆ ಹಿಡಿದಿಟ್ಟಿದ್ದಕ್ಕೆಂದು 2,000 ಮುರಿದುಕೊಂಡು ಉಳಿದದ್ದನ್ನು ಕೊಟ್ಟರು. ಕಾಗದ ಕೇಳಿದಾಗ ಕಪಾಟಿನಿಂದ ಬಟ್ಟೆ ಅಂಗಡಿಯ ಕೈಚೀಲವೊಂದನ್ನು ತಂದು ನೆಲಕ್ಕೆ ಸುರಿದು, "ನಿಮ್ಮದು ಹುಡುಕಿಕೊಳ್ಳಿ" ಎಂದರು. ಇಪ್ಪತ್ತು ಕುಟುಂಬಗಳಿಗಿಂತ ಹೆಚ್ಚಿನವರ ಆಧಾರ್ ಪ್ರತಿಗಳಿದ್ದವು. ಸಂಖ್ಯೆ, ವಿಳಾಸ, ಮುಖ ಎಲ್ಲ ಕಾಣುತ್ತಿದ್ದವು. ಒಂದರ ಬೆನ್ನಿಗೆ ಹಾಲಿನ ಲೆಕ್ಕ ಬರೆದಿದ್ದರು. ನಮ್ಮವು ಮಾತ್ರ ಇರಲಿಲ್ಲ. ಏಜೆಂಟರ ಬಳಿ ಇರಬಹುದು ಎಂದರು. ಏಜೆಂಟರು ಮಾಲೀಕರತ್ತ ಕೈ ತೋರಿಸಿದರು.

ಎರಡು ತಿಂಗಳ ನಂತರ, ನಮ್ಮ ಹೆಸರಿನಲ್ಲಿ ಯಾವ ಮೊಬೈಲ್ ಸಂಖ್ಯೆಗಳಿವೆ ಎಂದು ತೋರಿಸುವ ಸರ್ಕಾರಿ ಜಾಲತಾಣ ಸಂಚಾರ ಸಾಥಿಯಲ್ಲಿ ನೋಡಿದರೆ, ನನ್ನ ಹೆಸರಿನಲ್ಲಿ ನಾನು ಪಡೆಯದ ಮೊಬೈಲ್ ಸಂಖ್ಯೆಯೊಂದಿತ್ತು. ಇದೇ ಝೆರಾಕ್ಸ್‌ನಿಂದ ಪಡೆದದ್ದೆಂದು ಸಾಬೀತುಪಡಿಸಲು ನನ್ನ ಬಳಿ ಏನೂ ಇಲ್ಲ. ಅದು ನನ್ನದಲ್ಲವೆಂದು ಅಲ್ಲೇ ದೂರು ದಾಖಲಿಸಿದ್ದೇನೆ.

ಮನೆ ನೋಡಲು ಹೋದಾಗ ಆಧಾರ್ ತೋರಿಸಿ, ಕೊಡಬೇಡಿ. ಕೊಡಲೇಬೇಕಾದರೆ ಆಧಾರ್ ಪ್ರಾಧಿಕಾರದ ಜಾಲತಾಣದಿಂದ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಇಳಿಸಿಕೊಳ್ಳಿ. ಅದರ ಮೇಲೆ ಅಡ್ಡಲಾಗಿ "ಬಾಡಿಗೆ ಮನೆಗಾಗಿ ಮಾತ್ರ" ಎಂದು ಬರೆದು ದಿನಾಂಕ ಹಾಕಿ. ಪ್ಯಾನ್, ಸಂಬಳ ಚೀಟಿ ಕರಾರಿನ ದಿನಕ್ಕಿರಲಿ. ಮುಂಗಡವನ್ನು ಬ್ಯಾಂಕ್ ಖಾತೆಗೇ ಹಾಕಿ, ಮನೆ ಕೊಡದಿದ್ದರೆ ಪೂರ್ತಿ ಮರಳಿಸುವುದಾಗಿ ಬರೆಸಿಕೊಳ್ಳಿ.

ಈ ವರ್ಷ ಜೇವರ್ಗಿ ರಸ್ತೆಯ ಕಡೆ ಮನೆ ಕೇಳಿ ಝೆರಾಕ್ಸ್ ಕೊಟ್ಟು ಬಂದವರೇ, ಆ ಚೀಲದಲ್ಲಿ ನಿಮ್ಮದೂ ಇದ್ದಿರಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಇಂದೇ ನೋಡಿಕೊಳ್ಳಿ.